ಗೋಡೆ ಮಳೆಗಾಲ ದಾಟಿತು

ಎಲ್ಲರಿಗೂ ನಮಸ್ಕಾರ.

ಮಳೆ ಬಿಟ್ಟು ಹದಿನೈದು ದಿನ ಆಯಿತು. ನಿನ್ನೆ ಬೆಳಿಗ್ಗೆ ನಮ್ಮೂರ ಓದುವ ಕೋಣೆಯ ಪಶ್ಚಿಮದ ಮಣ್ಣಿನ ಗೋಡೆಗೆ ಎರಚಲು ಹೊಡೆಯದಂತೆ ಕಟ್ಟಿದ್ದ ಅಡಿಕೆ ಸೋಗೆಯ ತಟ್ಟಿ ಬಿಚ್ಚಿದೆವು. ಹಿಂದೆ ಏನಾಗಿದೆಯೋ ಅಂತ ನನಗೆ ಒಳಗೊಳಗೇ ಪುಕುಪುಕು. ಗೋಡೆ ಇತ್ತು. ಒಂದು ಮೂಲೆಯಲ್ಲಿ ಅಂಗೈ ಅಗಲ ಮಣ್ಣು ಉದುರಿದೆ. ಬುಡದಲ್ಲಿ ಒಂದಿಷ್ಟು ಪಾಚಿ ಹಿಡಿದಿದೆ. ಅಷ್ಟೇ.

ಈ ಥ್ಯಾಂಕ್ಸ್ ಮೇ ತಿಂಗಳಲ್ಲಿ ಬಾಗಿಲು ತೆರೆದ ದಿನವೇ ಹೇಳಬೇಕಿತ್ತು. ಆದರೆ ಮೂಡಿಗೆರೆ ಸೀಮೆಯಲ್ಲಿ ಒಂದು ಮಳೆಗಾಲ ಕಳೆಯುವ ಮೊದಲೇ ಮಣ್ಣಿನ ಗೋಡೆ ಬಗ್ಗೆ ಜಂಬ ಕೊಚ್ಚಿಕೊಳ್ಳಲು ಧೈರ್ಯ ಬರಲಿಲ್ಲ. ಸುಮ್ನಿದ್ದೆ.

ಹೊರಗಿನವರಿಗೆ ಒಂದು ಮಾತು. ನಮ್ಮ ಅರಳಿಕಟ್ಟೆಯ ಹಿಂದೆ ಊರವರೇ ಸೇರಿ ಒಂದು ಓದುವ ಕೋಣೆ, ಅದಕ್ಕೊಂದು ಉದ್ದನೆಯ ಜಗಲಿ ಕಟ್ಟಿದ್ದೇವೆ. ಓದುವವರು ಒಳಗೆ, ಬಸ್ ಕಾಯುವವರು ಜಗಲಿಯಲ್ಲಿ. ಗೋಡೆಯಲ್ಲಿ ಇಟ್ಟಿಗೆ ಇಲ್ಲ. ಎರಡು ಹಲಗೆ ನಿಲ್ಲಿಸಿ, ನಡುವೆ ಹದವಾಗಿ ನೆನೆಸಿದ ಮಣ್ಣು ಸುರಿದು, ದಮ್ಮಸು ಹೊಡೆದು ಎಬ್ಬಿಸಿದ ಗೋಡೆ. 6 ಇಂಚು ಸಡಿಲ ಮಣ್ಣು ಹಾಕಿದರೆ ಬಡಿದ ಮೇಲೆ 4 ಇಂಚಿಗೆ ಇಳಿಯುತ್ತದೆ. ಅದರ ಮೇಲೆ ಮತ್ತೊಂದು ಪದರ. ಗೋಡೆ 1 ಅಡಿ ದಪ್ಪ.

ಮೊದಲ ಥ್ಯಾಂಕ್ಸ್ ನಮ್ಮ ದೊಡ್ಡಪ್ಪನಿಗೆ. ಮೊದಲನೇ ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ವಿರೋಧ ಮಾಡಿದವರು ಅವರೇ. ಅವರ ಭಯಕ್ಕೆ ಕಾರಣ ಇತ್ತು. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದು ಬಂದವು, ಮನೆಗಳು ಹೋದವು. ಅದನ್ನು ಕಂಡವರ ಮುಂದೆ ಮಣ್ಣಿನ ಗೋಡೆ ಅಂದರೆ ನಗುತ್ತಾರಾ, ಬೈಯುತ್ತಾರಾ? ನಾನು ಮೊಬೈಲ್ ತೆಗೆದು, ಲಡಾಖ್‌ನಲ್ಲಿ ನೂರಾರು ವರ್ಷದಿಂದ ನಿಂತಿರುವ ಮಣ್ಣಿನ ಕೋಟೆಗಳ ಫೋಟೋ ತೋರಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಕಣವ್ವ. ಅಲ್ಲಿ ಮಳೆ ಎಷ್ಟಿಂಚು?" ಅಂದರು.

ತೋಟದವರ ಪ್ರಶ್ನೆ ಅದು. ಮನೆಗೆ ಬಂದು ಹುಡುಕಿದೆ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು 4 ಇಂಚಿನ ಆಸುಪಾಸು. ನಮ್ಮಲ್ಲಿ ಜುಲೈನ ಒಂದು ಕೆಟ್ಟ ದಿನಕ್ಕೇ ಅಷ್ಟು ಬೀಳುತ್ತದೆ. ನನ್ನ ಬಾಯಿ ಕಟ್ಟಿತು.

ಆ ಪ್ರಶ್ನೆಯಿಂದಲೇ ನಮ್ಮ ನಕ್ಷೆ ಬದಲಾಯಿತು. ಗೋಡೆ ನೆಲದಿಂದ ಏಳುವುದು ಬೇಡ, ಕೆಳಗೆ 2 ಅಡಿ ಸೈಜುಗಲ್ಲು ಇರಲಿ ಅಂತಾಯಿತು. ಹಂಚಿನ ಮಾಡು ಗೋಡೆಯಿಂದ 3 ಅಡಿ ಆಚೆಗೆ ಚಾಚಿತು. ತಲೆಗೆ ಕಂಬಳಿ ಕೊಪ್ಪೆ, ಕಾಲಿಗೆ ಕಲ್ಲು, ಇಷ್ಟಿದ್ದರೆ ಗೋಡೆ ಬದುಕುತ್ತದೆ ಅಂತ ದೊಡ್ಡಪ್ಪನೇ ಕೊನೆಗೆ ಹೇಳತೊಡಗಿದರು. ಮಣ್ಣಿಗೆ ನೂರಕ್ಕೆ 7ರಷ್ಟು ಸಿಮೆಂಟ್ ಕೂಡ ಸೇರಿಸಿದೆವು. "ಹಾಗಾದ್ರೆ ಅದು ಶುದ್ಧ ಮಣ್ಣಿನ ಗೋಡೆ ಅಲ್ಲ" ಅಂತ ಪೇಟೆಯ ಗೆಳತಿಯೊಬ್ಬಳು ಮೂಗು ಮುರಿದಳು. ಅವಳು ಒಂದು ಜುಲೈ ಇಲ್ಲಿದ್ದು ಹೋಗಲಿ.

ಮಣ್ಣು ಕೊಟ್ಟವರು ಕೃಷಿ ಹೊಂಡ ತೋಡಿಸುತ್ತಿದ್ದ ನಮ್ಮ ಪಕ್ಕದ ತೋಟದವರು. ಮೇಲಿನ ಕಪ್ಪು ಮಣ್ಣು ಗೋಡೆಗೆ ಆಗುವುದಿಲ್ಲ. ಅದರಲ್ಲಿ ಬೇರು, ತರಗೆಲೆ ಇರುತ್ತದೆ, ಕೊಳೆತರೆ ಗೋಡೆ ಟೊಳ್ಳು. ಹಾಗಾಗಿ ಅದನ್ನು ತೋಟಕ್ಕೇ ಬಿಟ್ಟು, ಎರಡು ಮೂರು ಅಡಿ ಕೆಳಗಿನ ಕೆಂಪು ಮಣ್ಣು ಮಾತ್ರ ತಂದೆವು. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಒಂದು ರಾತ್ರಿ ಇಟ್ಟರೆ, ಕೆಳಗೆ ಮರಳು, ಮೇಲೆ ಜೇಡಿ ಬೇರೆಯಾಗಿ ಕೂರುತ್ತವೆ. ನಮ್ಮದರಲ್ಲಿ ಜೇಡಿ ಜಾಸ್ತಿ. ಹಾಗೇ ಕಟ್ಟಿದ್ದರೆ ಒಣಗುವಾಗ ಬಿರುಕು ಬಿಡುತ್ತಿತ್ತು. ಮರಳು ಮತ್ತು ಕ್ರಷರ್ ಪುಡಿ ಬೆರೆಸಿದೆವು.

ಇದನ್ನೆಲ್ಲ ಕಲಿಸಿದ ಇಂಜಿನಿಯರ್ ಹುಡುಗಿಗೆ ಥ್ಯಾಂಕ್ಸ್. ಸೌದೆ, ಹೊಗೆ ಕಮ್ಮಿ ಮಾಡಿದ ಅಸ್ತ್ರ ಒಲೆ ನೆನಪಿದೆ ಅಲ್ವಾ, ನಮ್ಮಮ್ಮಂದಿರ ಕಾಲದ್ದು? ಆ ಒಲೆ ಮಾಡಿದ ಅಸ್ತ್ರ ಕೇಂದ್ರ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದದ್ದು, ಮಣ್ಣಿನ ಕಟ್ಟಡದ ಮೇಲೂ ಕೆಲಸ ಮಾಡಿದೆ ಅಂತ ಅವಳು ಹೇಳಿದ ಮೇಲೆ ನಮ್ಮ ಹೆಂಗಸರು ಅರ್ಧ ಒಪ್ಪಿದರು. "ಒಲೆ ಉರಿದಿತ್ತು, ಗೋಡೆನೂ ನಿಲ್ಲಬಹುದು" ಅಂತ.

ಒಂದು ತಪ್ಪೊಪ್ಪಿಗೆಯೂ ಇದೆ. ಮೊದಲ ತುಂಡು ಗೋಡೆ ಹಾಳಾದದ್ದು ನನ್ನಿಂದ. ಬಿಸಿಲು ಜೋರಿತ್ತು, ಮಣ್ಣು ಒಣಗುತ್ತಿದೆ ಅಂತ ಎರಡು ಬಿಂದಿಗೆ ನೀರು ಜಾಸ್ತಿ ಸುರಿದೆ. ಹಲಗೆ ಬಿಚ್ಚಿದಾಗ ಮೈಯೆಲ್ಲ ಹಲಗೆಗೆ ಅಂಟಿಕೊಂಡು ಬಂತು. ಎರಡು ದಿನದ ಕೆಲಸ ಒಡೆದು ಹಾಕಿದೆವು. ಯಾರೂ ಒಂದು ಮಾತು ಅನ್ನಲಿಲ್ಲ. ಮಾರನೇ ದಿನದಿಂದ ಹದ ನೋಡುವ ಕೆಲಸ ಶಾಲೆ ಮಕ್ಕಳದ್ದಾಯಿತು. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಬೇಕು. ನಾಲ್ಕೈದು ಚೂರಾದರೆ ಸರಿ. ಪುಡಿಯಾದರೆ ನೀರು ಸಾಲದು, ಅಪ್ಪಚ್ಚಿಯಾದರೆ ಜಾಸ್ತಿ. ನನ್ನನ್ನು ನೀರಿನ ಡ್ರಮ್ ಹತ್ತಿರ ಬಿಡಬಾರದು ಅಂತ ಅವರದ್ದೇ ಕಾನೂನು.

ಸರ್ಕಾರಿ ಕಚೇರಿಯೊಂದರಲ್ಲಿ, ಕಟ್ಟಡ ಕೆಲಸದ ದರಪಟ್ಟಿಯಲ್ಲಿ ಇಂಥ ಗೋಡೆಯೇ ಇಲ್ಲ ಅಂದರು. ಮೂರು ತಿಂಗಳು ಹೋಯಿತು. ಬಿಡಿ.

ಮಾರ್ಚ್‌ನ ಆ ಸಂಜೆ ಮಾತ್ರ ಬರೆಯಲೇಬೇಕು. ಕಾಫಿ ಹೂ ಅರಳಿಸುವ ಹೂಮಳೆಗೆ ಇಡೀ ಊರು ಆಕಾಶ ನೋಡುತ್ತಿತ್ತು. ನಮ್ಮ ತೋಟಕ್ಕೂ ಅದು ಬೇಕಿತ್ತು. ಆದರೂ ಗೋಡೆ ಅರ್ಧಕ್ಕೆ ನಿಂತಿದ್ದರಿಂದ ಇನ್ನೊಂದು ವಾರ ತಡವಾಗಲಿ ಅಂತ ಬೇಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಹೊಡೆಯುತ್ತಿದ್ದರು. ನಾಲ್ಕು ಗಂಟೆಗೆ ಮೋಡ ಕಟ್ಟಿತು. ನಮ್ಮ ಹತ್ತಿರ ಇದ್ದದ್ದು ಎರಡೇ ಟಾರ್ಪಾಲು. ಕೆಳಗಿನ ಮನೆಯ ಅಕ್ಕ ಕಣದಲ್ಲಿ ಹರಡಿದ್ದ ಕಾಳುಮೆಣಸನ್ನು ಬಾಚಿ ನಡುಮನೆಗೆ ಸುರಿದು, ಟಾರ್ಪಾಲು ಎಳೆದುಕೊಂಡು ಓಡಿ ಬಂದರು. ಅವರನ್ನು ನೋಡಿ ಇನ್ನೂ ನಾಲ್ಕು ಮನೆಯವರು ಬಂದರು. ತೋಟದ ಕೆಲಸದವರ ಲೈನ್ ಮನೆಯ ಅಸ್ಸಾಂ ಹುಡುಗರು ತಾವೇ ಕಟ್ಟಿದ್ದ ಬಿದಿರಿನ ಅಟ್ಟಣಿಗೆ ಹತ್ತಿ, ಗಾಳಿಯಲ್ಲಿ ಟಾರ್ಪಾಲು ಹಿಡಿದು ನಿಂತರು. ಮುಕ್ಕಾಲು ಗಂಟೆ. ಗೋಡೆ ನೆನೆಯಲಿಲ್ಲ, ಅವರು ಪೂರ್ತಿ ನೆಂದರು. ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಯಿತು. ಅಕ್ಕನ ನಡುಮನೆಯಲ್ಲಿ ಮೆಣಸಿನ ವಾಸನೆ ಇನ್ನೂ ಹೋಗಿಲ್ಲವಂತೆ.

ಆ ಹುಡುಗರು ವಾರದ ಒಂದೇ ರಜೆ ಭಾನುವಾರವನ್ನು ನಮಗೆ ಕೊಟ್ಟವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಬರುವ ಭಾನುವಾರ ಜಗಲಿಯಲ್ಲಿ ಕೂತು ಇದನ್ನು ಓದಿ ಹೇಳುತ್ತೇನೆ. ಮೂರು ವಾರ ಬೆಳಿಗ್ಗೆ ಸಂಜೆ ಗೋಡೆಗೆ ಹೊದಿಸಿದ ಗೋಣಿಚೀಲಕ್ಕೆ ನೀರು ಚಿಮುಕಿಸಿದ ಸ್ವಸಹಾಯ ಸಂಘದವರೂ ಬನ್ನಿ. ಕಡುಬು ಮಾಡಿರುತ್ತೇನೆ.

ಉದುರಿದ ಮೂಲೆಗೆ ನವೆಂಬರ್‌ನಲ್ಲಿ, ಕಾಫಿ ಕೊಯ್ಲು ಜೋರಾಗುವ ಮುಂಚೆ, ತೇಪೆ ಹಾಕಬೇಕು. ಎರಡು ಬುಟ್ಟಿ ಮಣ್ಣು ಎತ್ತಿಟ್ಟಿದ್ದೇನೆ. ನೀರು ಮಕ್ಕಳೇ ಹಾಕಲಿ. ಮತ್ತೆ, ನಾಲ್ಕು ಬಾಂಡ್ಲಿ, ಒಂದು ಪಿಕಾಸಿ, ಹಿಡಿಗೆ ಕೆಂಪು ಬಟ್ಟೆ ಸುತ್ತಿದ ಒಂದು ದಮ್ಮಸು ನಮ್ಮ ಕೊಟ್ಟಿಗೆಯಲ್ಲೇ ಉಳಿದಿವೆ. ಯಾರದ್ದು ಅಂತ ಗೊತ್ತಾಗಲಿಲ್ಲ. ಬಂದು ತಗೊಂಡು ಹೋಗಿ.