ಪ್ರಾಜೆಕ್ಟ್ ವರದಿ ರದ್ದಿಗೇ ಹೋಗಬೇಕಾ?

ಮಾನ್ಯರೇ,

ಐರ್ಲೆಂಡಿನ ಡಬ್ಲಿನ್‌ನಿಂದ ನಡೆಯುವ ‘ಗ್ಲೋಬಲ್ ಅಂಡರ್‌ಗ್ರಾಜುಯೇಟ್ ಅವಾರ್ಡ್ಸ್’ ಎಂಬ, ಡಿಗ್ರಿ ವಿದ್ಯಾರ್ಥಿಗಳ ಬರಹಗಳಿಗೆ ಬಹುಮಾನ ಕೊಡುವ ಸ್ಪರ್ಧೆಯ ಬಗ್ಗೆ ನಮ್ಮ ಡಿಗ್ರಿ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇದಕ್ಕೆಂದು ಹೊಸದಾಗಿ ಬರೆಯಬೇಕಿಲ್ಲ. ತರಗತಿಗಾಗಿ ಬರೆದ ಪ್ರಬಂಧ, ಪ್ರಾಜೆಕ್ಟ್ ವರದಿಯನ್ನೇ ಕಳಿಸಬಹುದು. ಸ್ಪರ್ಧೆಯಲ್ಲಿ ವಿಷಯವಾರು ವಿಭಾಗಗಳು 25. ಬರೆದವರ ಹೆಸರು ತೀರ್ಪುಗಾರರಿಗೆ ಗೊತ್ತಾಗುವುದಿಲ್ಲ. ಸಣ್ಣ ಊರಿನ ಮಕ್ಕಳಿಗೆ ಇದೇ ದೊಡ್ಡ ಧೈರ್ಯ ಅಲ್ವಾ?

ಗೆದ್ದವರ ಪದಕಕ್ಕೆ ಥಾಮಸ್ ಕ್ಲಾರ್ಕ್‌ಸನ್ ಹೆಸರಿದೆ. 1785ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಈತ, ಜನರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಗುಲಾಮರನ್ನಾಗಿ ಮಾಡುವುದು ಸರಿಯೇ ಎಂಬ ವಿಷಯದ ಮೇಲೆ ಲ್ಯಾಟಿನ್‌ನಲ್ಲಿ ಪ್ರಬಂಧ ಬರೆದು ಬಹುಮಾನ ಗೆದ್ದ. ಬರೆದದ್ದು ಸುಮ್ನೆ ಸ್ಪರ್ಧೆಗೆ. ಆದರೆ ವಿಷಯ ತಲೆಯಿಂದ ಹೋಗಲೇ ಇಲ್ಲ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಟಕ್ಕೇ ಇಳಿದುಬಿಟ್ಟ. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಪ್ರಾಜೆಕ್ಟ್ ವರದಿಗಳಿಗೆ ಅಂಕ ಹಾಕಿ, ಗೋಣಿಚೀಲಕ್ಕೆ ತುಂಬಿ ರದ್ದಿಗೆ ಹಾಕುತ್ತಿದ್ದೆವು. ತುಂಬಿದವರಲ್ಲಿ ನಾನೂ ಒಬ್ಬ. ನಕಲು ಹೊಡೆದವೇ ಜಾಸ್ತಿ, ನಿಜ. ಆದರೆ ಊರಿನ ಕೆರೆ ಸುತ್ತಾಡಿ, ರೈತರನ್ನು ಮಾತಾಡಿಸಿ ಬರೆದವೂ ಇದ್ದವು. ಕಾಲೇಜಿನ ಪ್ರತಿ ವಿಭಾಗದವರು ವರ್ಷಕ್ಕೆ ಅಂಥ ಒಂದು ವರದಿ ಆರಿಸಿ, ತಿದ್ದಿಸಿ ಕಳಿಸಲಿ.

– ನಿವೃತ್ತ ಉಪನ್ಯಾಸಕ, ತಿಪಟೂರು