ನನಗೆ ನಲ್ಲಿ ಮಾಡೋದು ಕಲಿಸಿದವರಿಗೆ

ಹೋದ ತಿಂಗಳ ಕೊನೆಯ ದಿನ ನಾನು ರಿಟೈರ್ ಆದೆ. 1991ರಲ್ಲಿ ಪೀಣ್ಯದ ಒಂದು ನಲ್ಲಿ ಫ್ಯಾಕ್ಟರಿಗೆ ಟ್ರೈನಿ ಎಂಜಿನಿಯರ್ ಆಗಿ ಸೇರಿದ್ದೆ. 34 ವರ್ಷ ಅಲ್ಲೇ ಕಳೆಯಿತು. ಬೀಳ್ಕೊಡುಗೆ ದಿನ ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯಿತು. ಮೈಕ್ ಕೈಗೆ ಕೊಟ್ಟರು. ಎರಡು ಮಾತಾಡುವಷ್ಟರಲ್ಲಿ ಗಂಟಲು ಕಟ್ಟಿತು. "ಎಲ್ಲರಿಗೂ ಥ್ಯಾಂಕ್ಸ್" ಅಂದು ಕೂತುಬಿಟ್ಟೆ. ಮನೆಗೆ ಬಂದ ಮೇಲೆ ಅದು ಕೊರೆಯತೊಡಗಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಬಾಕಿ ಇದೆ. ಹಾಗೆ ಒಟ್ಟಿಗೆ ಮುಗಿಸಿದ್ದು ಸರಿಯಲ್ಲ. ಅದಕ್ಕೇ ಈ ಬರಹ. ಹೆಸರು ಹಾಕುತ್ತಿಲ್ಲ. ಕೇಳಿದಾಗ ಅರ್ಧ ಜನ "ಬೇಡ ಸಾರ್, ಮುಜುಗರ ಆಗುತ್ತೆ" ಅಂದರು. ಓದಿದರೆ ಅವರವರಿಗೆ ಗೊತ್ತಾಗುತ್ತೆ ಬಿಡಿ.

ನಲ್ಲಿ ಎಂಜಿನಿಯರ್ ಅಂದರೆ ಜನ ನಗುತ್ತಾರೆ. ತಿಪಟೂರಿನಲ್ಲಿ ಅಪ್ಪನ ಸ್ನೇಹಿತರು "ಮಗ ಏನ್ಮಾಡ್ತಾನೆ?" ಅಂತ ಕೇಳಿದರೆ ಅಪ್ಪ "ಬೆಂಗಳೂರಲ್ಲಿ ಫ್ಯಾಕ್ಟರಿ" ಅಂದು ಕೊಬ್ಬರಿ ರೇಟಿಗೆ ಮಾತು ತಿರುಗಿಸುತ್ತಿದ್ದರು. ಜೊತೆಗೆ ಓದಿದವರು ವಿಮಾನ, ಟೆಲಿಫೋನು, ಆಮೇಲೆ ಸಾಫ್ಟ್‌ವೇರ್ ಅಂತ ಹೋದರು. ನನ್ನ ಪಾಲಿಗೆ ಬಂದದ್ದು ಅರ್ಧ ಇಂಚಿನ ನಲ್ಲಿ. ಇದರಲ್ಲಿ ಕಲಿಯೋದು ಏನಿದೆ ಅಂತ ಮೊದಲ ವಾರ ನನಗೂ ಅನ್ನಿಸಿತ್ತು.

ಆ ಜಂಬ ಇಳಿಸಿದವರು ಫೌಂಡ್ರಿಯ ತಾತ. ಎಲ್ಲರೂ ಅವರನ್ನು ತಾತ ಅಂತಲೇ ಕರೆಯುತ್ತಿದ್ದರು. ಈಗ ಅವರಿಲ್ಲ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸತುವನ್ನು ಅಲ್ಲಿ ಯಾರೂ ಸತು ಅನ್ನುವುದಿಲ್ಲ, ಜಿಂಕ್ ಅಷ್ಟೇ. ಕುಲುಮೆಯ ಹಿತ್ತಾಳೆ ಸಾವಿರ ಡಿಗ್ರಿ ಆಸುಪಾಸು ಇರುತ್ತದೆ. ಬರೀ ಜಿಂಕ್ ಆದರೆ 907 ಡಿಗ್ರಿಗೇ ಕುದಿಯುವ ವಸ್ತು. ಹಾಗಾಗಿ ಕಾವು ಸ್ವಲ್ಪ ಜಾಸ್ತಿಯಾದರೂ ಅದು ಬಿಳಿ ಹೊಗೆಯಾಗಿ ಮೇಲೇಳುತ್ತದೆ. ನಾನು ಕೈಯಲ್ಲಿ ಕಾವು ಅಳೆಯುವ ಪೈರೋಮೀಟರ್ ಹಿಡಿದು ನಿಂತಿದ್ದೆ. ತಾತ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಹೊಗೆ ದಪ್ಪ ಆಯ್ತು ಸಾರ್. ಈಗ ಹುಯ್ದರೆ ನಲ್ಲಿ ಬೆವರುತ್ತೆ" ಅಂದರು. ಮೀಟರ್ ಸರಿಯಾಗೇ ಇದೆ, ಹುಯ್ಯಿರಿ ಅಂದೆ. ಹುಯ್ದರು.

ಮರುದಿನ ಆ ನಲ್ಲಿ ಬಾಡಿಗಳಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆವು. ಕಣ್ಣಿಗೆ ಯಾವ ತೂತೂ ಕಾಣಿಸಲಿಲ್ಲ. ಆದರೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದು ಬಂದವು. ಬೆವರೋದು ಅಂದರೆ ಇದು. ತಾತ ಒಂದು ಮಾತೂ ಆಡಲಿಲ್ಲ. ಎಲ್ಲವನ್ನೂ ವಾಪಸ್ ಕುಲುಮೆಗೆ ಹಾಕಲು ಬುಟ್ಟಿ ತಂದಿಟ್ಟರು, ಅಷ್ಟೇ.

ಇಲ್ಲೇ ಇನ್ನೊಂದು ವಿಷಯ ಹೇಳಬೇಕು. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆ ಮೈ ನಡುಗಿ ಜ್ವರ ಬರುತ್ತಿತ್ತು. ಬೆಲ್ಲ ತಿಂದು, ಹಾಲು ಕುಡಿದು ಮಲಗುತ್ತಿದ್ದರು. ಬೆಳಿಗ್ಗೆ ಮತ್ತೆ ಪಾಳಿಗೆ ಹಾಜರ್. ಹೊಗೆ ಎಳೆಯುವ ಒಳ್ಳೇ ವ್ಯವಸ್ಥೆ ಬಂದದ್ದು ನಾನು ಸೇರಿ ಎಷ್ಟೋ ವರ್ಷ ಆದ ಮೇಲೆ. ನಾನು ಬೇಗ ಗಲಾಟೆ ಮಾಡಬೇಕಿತ್ತು, ಮಾಡಲಿಲ್ಲ. ಅವರಿಗೆ ಧನ್ಯವಾದ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಕ್ವಾಲಿಟಿ ಲ್ಯಾಬಿನ ಗೆಳೆಯನಿಗೆ ಒಂದು ಸಂಜೆಯ ಋಣ. ಕಾಲು ಸುತ್ತು ತಿರುಗಿಸಿದರೆ ತೆರೆಯುವ ನಲ್ಲಿಗಳು ನಮ್ಮಲ್ಲಿ ಹೊಸದಾಗಿ ಬರುತ್ತಿದ್ದ ಕಾಲ ಅದು. ಅವುಗಳಲ್ಲಿ ರಬ್ಬರ್ ವಾಷರ್ ಇರುವುದಿಲ್ಲ. ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರಿ ನೀರು ನಿಲ್ಲಿಸುತ್ತವೆ. ಅವನು ಎರಡು ಬಿಲ್ಲೆ ಒರೆಸಿ, ಒತ್ತಿ ಜಾರಿಸಿ, ಮೇಲಿನದನ್ನು ಮಾತ್ರ ಹಿಡಿದು ಎತ್ತಿದ. ಕೆಳಗಿನದೂ ಜೊತೆಗೇ ಎದ್ದು ಬಂತು! ಗೋಂದಿಲ್ಲ, ಅಯಸ್ಕಾಂತವಿಲ್ಲ. ಅಷ್ಟು ಸಪಾಟಾಗಿ ಉಜ್ಜಿದ ಎರಡು ಮೈ ಸೇರಿದರೆ ಹಾಗೆ ಅಂಟುತ್ತವಂತೆ. ಆವತ್ತು ಕಂಪನಿ ಬಸ್ ತಪ್ಪಿತು. ಎಂಟನೇ ಮೈಲಿವರೆಗೆ ನಡೆದುಕೊಂಡು ಹೋದೆವು, ದಾರಿಯುದ್ದಕ್ಕೂ ಬಿಲ್ಲೆ ವಿಷಯವೇ.

ಈಗ ಪ್ಲಂಬರ್ ಅಣ್ಣನ ವಿಷಯಕ್ಕೆ ಬರ್ತೀನಿ. ನಿಜ ಹೇಳಬೇಕೆಂದರೆ ಈ ಇಡೀ ಬರಹ ಅವರಿಗೇ.

1998. ನಾನು ಪೂರ್ತಿ ಸ್ವಂತವಾಗಿ ಡಿಸೈನ್ ಮಾಡಿದ ಮೊದಲ ವಾಲ್ ಮಿಕ್ಸರ್, ಅಂದರೆ ಬಿಸಿನೀರು, ತಣ್ಣೀರು ಬೆರೆಸಿ ಕೊಡುವ ಬಚ್ಚಲಿನ ಗೋಡೆ ನಲ್ಲಿ. ನೋಡಲು ಚೆಂದ ಇತ್ತು, ನನಗೇ ಕಣ್ಣು ಕೀಳಲಾಗುತ್ತಿರಲಿಲ್ಲ. ನಟ್ಟುಗಳು ಕಾಣದ ಹಾಗೆ ಒಳಗೆ ಅಡಗಿಸಿದ್ದೆ. ನಾಗರಬಾವಿಯ ಒಂದು ಮನೆಯಲ್ಲಿ ಹಾಕುವುದನ್ನು ನೋಡೋಣ ಅಂತ ಖುಷಿಯಿಂದ ಹೋದೆ. ಅಣ್ಣ ಟೆಫ್ಲಾನ್ ಟೇಪ್ ಸುತ್ತಿದರು, ಮಿಕ್ಸರ್ ಎತ್ತಿ ಹಿಡಿದರು, ಸ್ಪ್ಯಾನರ್ ಇಟ್ಟರು. ಸ್ಪ್ಯಾನರ್ ಒಳಗೆ ಹೋಗಲಿಲ್ಲ. ಬೇರೆಯದು ತಂದರು. ಅದೂ ಹೋಗಲಿಲ್ಲ. ಮೂರನೆಯದು ಹೋಯಿತು, ತಿರುಗಲು ಜಾಗವಿರಲಿಲ್ಲ. ಕೊನೆಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಟೈಟ್ ಮಾಡಿದರು. ಕ್ರೋಮ್ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಆಮೇಲೆ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಸಾರ್, ನೀವು ಇದನ್ನ ಮೇಜಿನ ಮೇಲೆ ಇಟ್ಕೊಂಡು ಮಾಡಿದೀರ. ನಾನು ಒಂದು ಕಾಲು ಕಮೋಡ್ ಮೇಲೆ, ಒಂದು ಕಾಲು ಬಕೆಟ್ ಮೇಲೆ ಇಟ್ಕೊಂಡು ಹಾಕ್ಬೇಕು."

ನನ್ನ ಮುಖ ಸಣ್ಣದಾಯಿತು. ಟೀ ಕುಡಿಯುವಾಗ ಅವರೇ ಸಮಾಧಾನ ಮಾಡಿದರು. "ಅದು ಬಿಡಿ ಸಾರ್. ವಾಷರ್ ಹಾಕೋಕೆ ಹತ್ತು ನಿಮಿಷ ಸಾಕು. ಟ್ಯಾಂಕ್ ವಾಲ್ವ್ ಮುಚ್ಚೋಕೆ ಅರ್ಧ ದಿನ ಹೋಗುತ್ತೆ. ಟೆರೇಸ್ ಕೀ ಓನರ್ ಹತ್ರ. ಓನರ್ ಮದುವೆಗೆ ಹೋಗಿರ್ತಾರೆ. ಕೀ ಸಿಕ್ಕಿದ್ರೆ ವಾಲ್ವ್ ಕಿಲುಬು ಹಿಡ್ದಿರುತ್ತೆ. ತಿರುಗಿಸಿದ್ರೆ ಕೈಗೇ ಬರುತ್ತೆ. ಆಮೇಲೆ ಅದಕ್ಕೂ ನಾನೇ ದುಡ್ಡು ಕೊಡ್ಬೇಕು. ಇದಕ್ಕೇನಾದ್ರೂ ಮಾಡಿ."

ಆ ಮಾತು ಎಂಟು ವರ್ಷ ತಲೆಯಲ್ಲಿ ಕೂತಿತ್ತು. ಮೇಲೆ ವಾಲ್ವ್ ಮುಚ್ಚದೇ ನಲ್ಲಿಯ ಹೊಟ್ಟೆ ಬಿಚ್ಚುವ ಹಾಗಿರಬೇಕು. ಬಿಚ್ಚಿದ ಕೂಡಲೇ ನೀರು ತಾನೇ ನಿಲ್ಲಬೇಕು. 2006ರಲ್ಲಿ ಒಂದು ದಾರಿ ಕಾಣಿಸಿತು, ಪೇಟೆಂಟ್‌ಗೆ ಅರ್ಜಿ ಹಾಕಿದೆವು. ಲೋಕದಲ್ಲಿ ಯಾರಿಗೂ ಹೊಳೆಯದ್ದು ನನಗೆ ಹೊಳೆದಿದೆ ಅಂತ ಒಳಗೊಳಗೇ ಉಬ್ಬಿದ್ದೆ. ಕೆಲ ವರ್ಷದ ಮೇಲೆ ಪರೀಕ್ಷಕರ ಮೊದಲ ವರದಿ ಬಂತು. ಇಂಗ್ಲೆಂಡಿನಲ್ಲಿ 'ಸೂಪಾಟ್ಯಾಪ್' ಅಂತ ಒಂದು ನಲ್ಲಿ ಇತ್ತಂತೆ. ನಾನು ಹುಟ್ಟುವ ಮೊದಲೇ ಅಲ್ಲಿನ ಮನೆಗಳಲ್ಲಿದ್ದದ್ದು. ಅದರ ಮೂತಿಯನ್ನೇ ತಿರುಗಿಸಿ ನೀರು ಬಿಡುತ್ತಾರೆ. ಮೂತಿ ಪೂರ್ತಿ ಬಿಚ್ಚಿದರೆ ಒಳಗಿನ ಒಂದು ಪುಟ್ಟ ವಾಲ್ವ್ ಕೂತು ನೀರು ನಿಲ್ಲುತ್ತದೆ. ವಾಷರ್ ಬದಲಿಸಲು ಮೇನ್ ಮುಚ್ಚುವುದೇ ಬೇಡ! ಎರಡು ದಿನ ಊಟ ಸೇರಲಿಲ್ಲ.

ಆ ಪರೀಕ್ಷಕರ ಮುಖ ನಾನು ನೋಡಿಲ್ಲ. ಆದರೂ ಅವರಿಗೆ ಕೈ ಮುಗಿಯುತ್ತೇನೆ. ನನ್ನದರಲ್ಲಿ ನಿಜವಾಗಿ ಹೊಸದೇನು ಅಂತ ಯೋಚಿಸುವ ಹಾಗೆ ಮಾಡಿದ್ದು ಅವರ ವರದಿ. ನಮ್ಮ ಮನೆಗಳ ಕಷ್ಟ ಬೇರೆ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಪ್ರೆಶರ್ ಸಿಗುತ್ತದೆ. ಮೇಲಿನ ಮಹಡಿಯ ಬಚ್ಚಲಿಗೂ ತಲೆ ಮೇಲಿನ ಟ್ಯಾಂಕಿಗೂ ಎರಡು ಮೂರು ಮೀಟರ್ ಅಂತರ. ಅಂದರೆ ಕಾಲು ಕಿಲೋ ಲೆಕ್ಕ. ಅಷ್ಟು ಕಡಿಮೆ ಒತ್ತಡಕ್ಕೆ ಒಳಗಿನ ವಾಲ್ವ್ ಗಟ್ಟಿಯಾಗಿ ಕೂರುವುದಿಲ್ಲ, ತೊಟ್ಟಿಕ್ಕುತ್ತಲೇ ಇರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕೋಣ ಅಂದರೆ ನಲ್ಲಿ ತೆರೆದಾಗ ನೀರು ಸಣ್ಣಗೆ ಬರುತ್ತದೆ. ನಾವು ಮಾಡಿದ್ದು ಮೆತ್ತನೆಯ ರಬ್ಬರ್ ತುಟಿ, ಜೊತೆಗೆ ಹಗುರವಾದ ಸ್ಪ್ರಿಂಗ್. ಆ ತುಟಿಯ ಆಕಾರ ಒಂದೇ ನನ್ನ ಆವಿಷ್ಕಾರ. ದೊಡ್ಡ ಅರ್ಜಿ ಸಣ್ಣದಾಯಿತು, ಸಣ್ಣದಕ್ಕೆ ಪೇಟೆಂಟ್ ಸಿಕ್ಕಿತು. ಅರ್ಜಿ ಹಾಕಿದ ದಿನದಿಂದ 20 ವರ್ಷ ಅದರ ಆಯಸ್ಸು. 2026ಕ್ಕೆ ಮುಗಿಯುತ್ತೆ. ಆಮೇಲೆ ಯಾರು ಬೇಕಾದರೂ ಮಾಡಿಕೊಳ್ಳಲಿ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾರ್ಕೆಟ್‌ಗೆ ಹೋದ ಎರಡನೇ ಲಾಟ್‌ನಿಂದ ಫೋನ್ ಶುರುವಾಯಿತು. "ನೀರೇ ಬರ್ತಿಲ್ಲ." ಸೋರಿದರೆ ಅರ್ಥವಾಗುತ್ತಿತ್ತು. ನೀರೇ ಬರದಿದ್ದರೆ? ಡ್ರಾಯಿಂಗ್ ನೋಡಿದೆವು, ಸ್ಪ್ರಿಂಗ್ ತೂಗಿದೆವು, ಡೈ ಅಳೆದೆವು. ಏನೂ ಸಿಗಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಫೋನ್ ಸದ್ದೇ ಕೇಳುತ್ತಿತ್ತು. ಕೆಲಸ ಬಿಟ್ಟು ಊರಿಗೆ ಹೋಗಿ ತೆಂಗಿನ ತೋಟ ನೋಡಿಕೊಳ್ಳೋಣ ಅಂತ ನಿಜವಾಗಿಯೂ ಅನ್ನಿಸಿತ್ತು.

ಕಂಡುಹಿಡಿದವರು ಅಸೆಂಬ್ಲಿ ಲೈನಿನ ಅಕ್ಕ. ವಾಪಸ್ ಬಂದ ನಲ್ಲಿ ಬಿಚ್ಚಿ, ಆ ರಬ್ಬರ್ ತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿದರು. "ಸಾರ್, ಇದು ನೆನೆಸಿಟ್ಟ ಅವರೆಕಾಳು ಥರ ಆಗಿದೆ. ಹಿದುಕಿದ್ರೆ ಬೇಳೆ ಈಚೆ ಬರೋ ಹಾಗಿದೆ ನೋಡಿ." ಹೊಸ ತುಟಿ ಪಕ್ಕದಲ್ಲಿಟ್ಟು ನೋಡಿದೆ. ಹೌದು, ಉಬ್ಬಿತ್ತು. ಉಬ್ಬಿ ದಾರಿಗೆ ಅಡ್ಡ ಕೂತಿತ್ತು.

ಆಮೇಲೆ ಅಕ್ಕ ಇನ್ನೊಂದು ಮಾತು ಸೇರಿಸಿದರು. "ಹೋದ ತಿಂಗಳಿಂದ ಗ್ರೀಸ್ ವಾಸನೆ ಬೇರೆ ಇದೆ ಸಾರ್."

ನನಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಸಿಲಿಕೋನ್ ಗ್ರೀಸ್ ಖಾಲಿಯಾಗಿದೆ, ಸದ್ಯಕ್ಕೆ ಮಾಮೂಲಿ ಗ್ರೀಸ್ ಬಳಸಬಹುದಾ ಅಂತ ಪರ್ಚೇಸ್‌ನವರು ಕೇಳಿದ್ದರು. ಯಾವುದೋ ಮೀಟಿಂಗ್ ಮಧ್ಯೆ ಫೋನಿನಲ್ಲಿ "ಹಾಕಿ, ಹಾಕಿ" ಅಂದಿದ್ದವನು ನಾನೇ. ನಮ್ಮ ರಬ್ಬರ್ ಇಪಿಡಿಎಂ. ಬಿಸಿನೀರಿಗೆ ಜಗ್ಗಲ್ಲ, ಆದರೆ ಪೆಟ್ರೋಲಿಯಂ ಎಣ್ಣೆ ಸೋಕಿದರೆ ಉಬ್ಬುತ್ತದೆ. ಇದು ಪುಸ್ತಕದ ಮೊದಲ ಪಾಠ. ಮಾಲೀಕರ ರೂಮಿಗೆ ಹೋಗಿ ನಡೆದದ್ದನ್ನು ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಿದ್ದು, "ಎಲ್ಲ ವಾಪಸ್ ತರಿಸಿ" ಅಂದರು. ಆ ವರ್ಷ ಯಾರಿಗೂ ಬೋನಸ್ ಜಾಸ್ತಿ ಬರಲಿಲ್ಲ. ಆದರೂ ಒಬ್ಬರೂ ನನ್ನ ಮುಖಕ್ಕೆ ಹೇಳಲಿಲ್ಲ. ಅದಕ್ಕೂ ಇಲ್ಲೇ ಥ್ಯಾಂಕ್ಸ್. ಆವತ್ತಿನಿಂದ ಹೊಸ ಗ್ರೀಸ್ ಡಬ್ಬಿ ತೆರೆದರೆ ಅಕ್ಕನಿಗೆ ತೋರಿಸಿಯೇ ಬಳಸುವ ಪದ್ಧತಿಯಾಯಿತು. ಎಂಜಿನಿಯರ್ ಸಹಿಗಿಂತ ಅವರ ಮೂಗು ಮೇಲು.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಆಲ್ ಮೋಯೆನ್ ಕಥೆ. 1937ರಲ್ಲಿ ಸಿಯಾಟಲ್‌ನಲ್ಲಿ ಓದುತ್ತಿದ್ದ ಹುಡುಗ, ಗ್ಯಾರೇಜಿನಲ್ಲಿ ಕೆಲಸ ಮುಗಿಸಿ ಕೈ ತೊಳೆಯಲು ಹೋಗಿ ಬಿಸಿನೀರಿಗೆ ಕೈ ಸುಟ್ಟುಕೊಂಡ. ಬಿಸಿ, ತಣ್ಣೀರು ಎರಡಕ್ಕೂ ಒಂದೇ ಹಿಡಿಕೆ ಯಾಕಿರಬಾರದು ಅಂತ ಹೊಳೆಯಿತು. ಮಧ್ಯೆ ಯುದ್ಧ ಬಂತು, ಲೋಹ ಸಿಗಲಿಲ್ಲ. ಅವನ ನಲ್ಲಿ ಅಂಗಡಿಗೆ ಬಂದದ್ದು 1947ರಲ್ಲಿ. ಹತ್ತು ವರ್ಷ! ಇವತ್ತು ನಿಮ್ಮ ಸಿಂಕಿನಲ್ಲಿ ಒಂದೇ ಹಿಡಿಕೆಯ ಮಿಕ್ಸರ್ ಇದ್ದರೆ ಅದರಲ್ಲಿ ಆ ಸುಟ್ಟ ಕೈಯ ಪಾಲೂ ಇದೆ.

ಮನೆಯವಳ ವಿಷಯ. ನಮ್ಮ ಅಡುಗೆಮನೆಯ ನಲ್ಲಿ ಯಾವತ್ತೂ ನಮ್ಮದಾಗಿರಲಿಲ್ಲ, ಟೆಸ್ಟ್ ಪೀಸ್ ಆಗಿತ್ತು. ಬೆಳಿಗ್ಗೆ ಒಂದು ನಲ್ಲಿ, ಸಂಜೆಗೆ ಇನ್ನೊಂದು. ಹಬ್ಬದ ದಿನ ಒಬ್ಬಟ್ಟಿನ ಹೂರಣ ರುಬ್ಬುತ್ತಿರುವಾಗ ನೀರು ನಿಂತದ್ದೂ ಇದೆ. "ಚೆನ್ನಾಗಿದೆ ರೀ, ಆದ್ರೆ ಇದರ ಕೆಳಗೆ ಕುಕ್ಕರ್ ಹಿಡಿಯಲ್ಲ" ಅಂತ ಅವಳು ಒಂದು ಸಲ ಹೇಳಿದ್ದಕ್ಕೆ ಇಡೀ ಒಂದು ಮಾಡೆಲ್‌ನ ಎತ್ತರ ಬದಲಾಯಿತು. ನಮ್ಮ ಡಿಸೈನ್ ರೂಮಿನಲ್ಲಿದ್ದ ಐದು ಜನ ಗಂಡಸರಲ್ಲಿ ಒಬ್ಬರೂ ನಲ್ಲಿಯ ಕೆಳಗೆ ಕುಕ್ಕರ್ ಹಿಡಿದವರಲ್ಲ. ಅವಳ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ.

2024ರ ಬೇಸಿಗೆ ನೆನಪಿದೆಯಲ್ವಾ? ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಹೋಟೆಲು, ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರೇಟರ್ ಹಾಕಲೇಬೇಕು ಅಂತ ಜಲಮಂಡಳಿ ಹೇಳಿತು. ಏರೇಟರ್ ಅಂದರೆ ಮೂತಿಯಲ್ಲಿರುವ ಪುಟ್ಟ ಜಾಲರಿ. ನೀರಿಗೆ ಗಾಳಿ ಬೆರೆಸುತ್ತದೆ, ಕಡಿಮೆ ನೀರು ಬಿದ್ದರೂ ಕೈಗೆ ತುಂಬಿದ ಹಾಗೆ ಅನ್ನಿಸುತ್ತದೆ. 30 ವರ್ಷ ಯಾರೂ ಹೆಸರು ಕೇಳದ ಆ ಸಾಮಾನಿಗೆ ಆವತ್ತು ಮಿನಿಸ್ಟರ್ ಕಾರಿಗಿಂತ ಜಾಸ್ತಿ ಮರ್ಯಾದೆ. ಮೂರು ಪಾಳಿ ನಡೆಸಿದ ಹುಡುಗರಿಗೆ, ಭಾನುವಾರವೂ ಡಬ್ಬ ಕಟ್ಟಿಕೊಂಡು ಬಂದವರಿಗೆ ನನ್ನ ನಮಸ್ಕಾರ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುತ್ತದೆ. ಸೆಕೆಂಡಿಗೆ ಒಂದು ಹನಿ ಸೋರಿದರೆ, 20 ಹನಿಗೆ 1 ಮಿಲಿಲೀಟರ್ ಅಂತ ಹಿಡಿದರೂ, ದಿನಕ್ಕೆ 4 ಲೀಟರ್ ಮೇಲೆ ಚರಂಡಿಗೆ ಹೋಯಿತು. ಈ ಲೆಕ್ಕ ಹೇಳಿ ಹೇಳಿ ನೆಂಟರ ಮನೆಯಲ್ಲೆಲ್ಲ ಬೈಸಿಕೊಂಡಿದ್ದೇನೆ.

ಬೀಳ್ಕೊಡುಗೆಯ ದಿನ ಹುಡುಗರು ಒಂದು ಉಡುಗೊರೆ ಕೊಟ್ಟರು. ಬಿಚ್ಚಿ ನೋಡಿದರೆ ನನ್ನ 1998ರ ವಾಲ್ ಮಿಕ್ಸರ್! ಸ್ಟೋರಿನ ಯಾವ ಮೂಲೆಯಲ್ಲಿ ಸಿಕ್ಕಿತೋ, ಪಾಲಿಶ್ ಮಾಡಿ ತೇಗದ ಹಲಗೆಗೆ ಕೂರಿಸಿದ್ದರು. ಹಾಲ್‌ನಲ್ಲಿ ತೂಗುಹಾಕಿದ್ದೇನೆ, ಹಿಂದೆ ಪೈಪೂ ಇಲ್ಲ ನೀರೂ ಇಲ್ಲ. ಹೋದ ಭಾನುವಾರ ಪ್ಲಂಬರ್ ಅಣ್ಣನನ್ನು ಊಟಕ್ಕೆ ಕರೆದಿದ್ದೆ. ಅವರಿಗೂ ಈಗ ಮಂಡಿ ನೋವು, ಮಗ ಕೆಲಸ ನೋಡಿಕೊಳ್ಳುತ್ತಾನೆ. ಒಳಗೆ ಬಂದವರು ನೇರ ಅದರ ಮುಂದೆ ಹೋಗಿ ನಿಂತರು. ಕನ್ನಡಕ ಏರಿಸಿಕೊಂಡರು. ನಟ್ಟಿನ ಹಿಂದೆ ಬೆರಳು ತೂರಿಸಿ ನೋಡಿದರು.

"ಈಗ್ಲೂ ಹೋಗಲ್ಲ ಸಾರ್" ಅಂದರು.