ಕಡಲ ಸಂಶೋಧನೆ ಕನ್ನಡದಲ್ಲೂ ಸಿಗಲಿ

ಮಾನ್ಯರೇ,

ಕಡಲಿನ ಬಗ್ಗೆ ನಡೆಯುವ ಸಂಶೋಧನೆ ನಮ್ಮ ಮೀನುಗಾರರಿಗೇ ತಲುಪುತ್ತಿಲ್ಲ. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ. ಆದರೆ 1954ರಲ್ಲಿ ಶುರುವಾದ ‘ಇಂಡಿಯನ್ ಜರ್ನಲ್ ಆಫ್ ಫಿಶರೀಸ್’ನಂಥ ಪತ್ರಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ. ಬಂಗಡೆ ಯಾವಾಗ ಮೊಟ್ಟೆಯಿಡುತ್ತದೆ, ಬಲೆಯ ಕಣ್ಣು ಎಷ್ಟು ದೊಡ್ಡದಿದ್ದರೆ ಮರಿಗಳು ಉಳಿಯುತ್ತವೆ ಎಂಬುದು ಬಲೆ ಹಾಕುವವರಿಗೇ ಮೊದಲು ಗೊತ್ತಾಗಬೇಕು, ಅಲ್ವಾ? ಬೈತಖೋಲ ಬಂದರಿನಲ್ಲಿ ಬೆರಳುದ್ದದ ಮರಿಗಳು ಬುಟ್ಟಿಯಲ್ಲಿ ರಾಶಿ ಬಿದ್ದಿರುವುದನ್ನು ಕಂಡರೆ ಸಂಕಟವಾಗುತ್ತದೆ.

ಈ ಸಂಸ್ಥೆ ನಮ್ಮ ಕರಾವಳಿಗೆ ಸಂಬಂಧಿಸಿದ ಲೇಖನಗಳ ಸಾರವನ್ನು ಒಂದೊಂದು ಪುಟದಲ್ಲಿ, ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಬಂದರಿನಲ್ಲಿ ಹಂಚಲಿ. ಜೂನ್‌, ಜುಲೈ ತಿಂಗಳ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರಿಕ ದೋಣಿಯವರು ಬಲೆ ಸರಿಪಡಿಸುತ್ತ ದಡದಲ್ಲೇ ಇರುತ್ತಾರೆ. ಆಗ ಸಂಶೋಧಕರು ಬಂದು ಅದನ್ನು ಓದಿ ವಿವರಿಸಲಿ.

– ಓದುಗ, ಕಾರವಾರ